ಇರುವೆ ದಳವಾಯಿ

ಬಂದೂಕಿನ ಆಟ ಆಡುವ ಹುಡುಗನನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಕೂತು "ಹಿಂದ್ಗಡ ಅವ್ನ ಕನೋ, ಹೊಡಿ, ಹೊಡಿ" ಎಂದು ಕಿರುಚುತ್ತಿರುತ್ತಾನೆ. ಊಟಿ ಬಸ್ಸಿಗೆ ಕಾದಿರುವ ಪ್ರವಾಸಿಗಳು ಬೆಚ್ಚಿ ಹಿಂದಕ್ಕೆ ತಿರುಗುತ್ತಾರೆ. ಇರುವೆ ಆಟ ಆಡುವವನ ಜಾತಿಯೇ ಬೇರೆ. ಅವನು ಸದ್ದು ಮಾಡುವುದಿಲ್ಲ. ವಯಸ್ಸು ಮೂವತ್ತರ ಆಚೀಚೆ. ಶರ್ಟಿನ ಜೇಬಿನಲ್ಲಿ ಫೋನು, ಪ್ಯಾಂಟಿನ ಜೇಬಿನಲ್ಲಿ ಪವರ್‌ಬ್ಯಾಂಕು, ಎರಡಕ್ಕೂ ನಡುವೆ ಒಂದು ಬಿಳಿ ವೈರು. ಹತ್ತು ನಿಮಿಷಕ್ಕೊಮ್ಮೆ ಫೋನು ಹೊರಗೆ ಬರುತ್ತದೆ, ಹೆಬ್ಬೆರಳು ನಾಲ್ಕೈದು ಕಡೆ ಒತ್ತುತ್ತದೆ, ಕಡತಕ್ಕೆ ರುಜು ಹಾಕಿದ ತಹಸೀಲ್ದಾರರ ಗಾಂಭೀರ್ಯದಲ್ಲಿ ಫೋನು ಒಳಗೆ ಹೋಗುತ್ತದೆ. "ಏನಪ್ಪ ಅದು?" ಎಂದರೆ "ಏನಿಲ್ಲ ಸಾ, ಮೊಟ್ಟೆ ಒಡೀತಾ ಅವ" ಎನ್ನುತ್ತಾನೆ. ಕೇಳಿದವರು ಕೋಳಿ ಫಾರಂ ಇಟ್ಟಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ.

ಇಂಥವನೊಬ್ಬ ಈಗ ಪ್ರತಿ ಊರಿನಲ್ಲೂ ಇದ್ದಾನೆ. ನಾನು ಹತ್ತಿರದಿಂದ ಬಲ್ಲವನು ಚಾಮರಾಜನಗರದ ಜಿಲ್ಲಾಡಳಿತ ಭವನದ ಕಡೆ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಾನೆ. ಮನೆ ತೆರಕಣಾಂಬಿ ದಾರಿಯ ಹಳ್ಳಿಯಲ್ಲಿ. ಹೆಸರು ಬೇಡ. ಟೀ ಅಂಗಡಿಯಲ್ಲಿ ನಾವು ಅವನನ್ನು ಕರೆಯುವುದು ದಳವಾಯಿ ಎಂದು. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಗದ್ದುಗೆಯ ಮೇಲೆ ಒಡೆಯರಿದ್ದರೂ ಕಾರುಬಾರೆಲ್ಲ ಕಳಲೆಯ ದಳವಾಯಿಗಳ ಕೈಯಲ್ಲಿತ್ತಲ್ಲ, ಇವನ ಫೋನಿನ ರಾಜ್ಯದಲ್ಲೂ ವ್ಯವಸ್ಥೆ ಅದೇ. ರಾಣಿ ಇರುವೆ ನಡುಮನೆಯಲ್ಲಿ ಕೂತಿರುತ್ತದೆ. ಅದಕ್ಕೆ ಮೊಟ್ಟೆ ಇಡುವುದೊಂದೇ ಕೆಲಸ. ಸುರಂಗ ತೋಡಿಸುವುದು, ಉಗ್ರಾಣ ಕಟ್ಟಿಸುವುದು, ದಂಡು ಕಳಿಸುವುದು, ಸಂಧಿ ಮಾಡಿಕೊಳ್ಳುವುದು ಎಲ್ಲ ದಳವಾಯಿಯ ಜವಾಬ್ದಾರಿ. ಗೂಡಿಗೆ ಅವನಿಟ್ಟ ಹೆಸರು ಅರಿಕುಠಾರ. ಚಾಮರಾಜನಗರಕ್ಕೆ ಮೊದಲಿದ್ದ ಹೆಸರು ಅದು; ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈಗಿನ ಹೆಸರಿಟ್ಟರು. ಇನ್ನೂರು ವರ್ಷದ ಮೇಲೆ ಹಳೆಯ ಹೆಸರನ್ನು ಮತ್ತೆ ಚಲಾವಣೆಗೆ ತಂದ ಹೆಮ್ಮೆ ನಮ್ಮವನಿಗಿದೆ. ಚಲಾವಣೆಯ ಕ್ಷೇತ್ರ ಆರೂವರೆ ಇಂಚು ಅಷ್ಟೆ.

ಈ ಆಟ ಹೇಗೆ ಆಡಬೇಕು ಎಂದು ನಾನು ಒಮ್ಮೆ ಕೇಳಿದೆ. ಅದು ಕೇಳಬಾರದ ಪ್ರಶ್ನೆ. ಯಾರೂ ಕೇಳದೆ ಎಷ್ಟೋ ಕಾಲದಿಂದ ಒಳಗೇ ಉಳಿದಿದ್ದ ಉಪನ್ಯಾಸ ಅದು. ಎರಡು ಟೀ ಆರಿಹೋದವು. ಸಾರಾಂಶ ಇಷ್ಟು. ಶುರುವಿನಲ್ಲಿ ನಿಮಗೆ ಒಂದು ರಾಣಿ, ಹತ್ತಾರು ಕೆಲಸಗಾರ ಇರುವೆ, ಒಂದು ಬಿಲ ಸಿಗುತ್ತದೆ. ಮೊದಮೊದಲು ಯಾರೂ ನಿಮ್ಮ ಮೇಲೆ ಬೀಳದ ಹಾಗೆ ಒಂದು ಶೀಲ್ಡ್ ಇರುತ್ತದೆ. ಆಗ ಯುದ್ಧಕ್ಕೆ ಹೋಗುವವನು ದಡ್ಡ. ರಾಣಿಯ ಕೋಣೆ ದೊಡ್ಡದಾಗದೆ ಮಿಕ್ಕ ಯಾವ ಕೋಣೆಯೂ ದೊಡ್ಡದಾಗುವುದಿಲ್ಲ, ಆದ್ದರಿಂದ ಅದಕ್ಕೆ ಮೊದಲ ಖರ್ಚು. ಮಣ್ಣು, ಎಲೆ, ಮಾಂಸ, ಅಣಬೆ ಹೊರಗಿನಿಂದ ತರಬೇಕು. ತಂದದ್ದರಲ್ಲಿ ಉಗ್ರಾಣ ಹಿಡಿಸುವಷ್ಟು ಮಾತ್ರ ಭದ್ರ, ಹೆಚ್ಚಾದದ್ದು ಕಳ್ಳರ ಪಾಲು. ಆದ್ದರಿಂದ ರಾತ್ರಿ ಮಲಗುವ ಮುಂಚೆ ಹೆಚ್ಚಾದದ್ದನ್ನು ಕಟ್ಟಡಕ್ಕೆ ಸುರಿದು, ದಂಡನ್ನು ದೂರದ ಹೊಲಕ್ಕೆ ಎಲೆ ತರಲು ಕಳಿಸಿಬಿಡಬೇಕು. ಬೆಳಿಗ್ಗೆ ವೈರಿ ಬಂದರೆ ಖಾಲಿ ಬಿಲ. ಒಂದು ಕೋಣೆ ಕಟ್ಟಲು ಎಂಟು ಗಂಟೆ ಬೇಕೆಂದರೆ ಒಕ್ಕೂಟದ ಗೆಳೆಯರೆಲ್ಲ ಒಂದೊಂದು ಸಲ ಒತ್ತಿ ಒಂದೊಂದು ನಿಮಿಷ ಕಳೆದುಕೊಡುತ್ತಾರೆ. ದುಡ್ಡು ಕೊಟ್ಟರೆ ಎಂಟೂ ಗಂಟೆ ಒಟ್ಟಿಗೆ ಕಳೆಯುತ್ತದೆ.

"ದುಡ್ಡು ಅಂದ್ರ?"

"ನಿಜವಾದ ದುಡ್ಡೇ ಸಾ. ಆದ್ರ ನಾ ಹಾಕಲ್ಲ" ಎಂದ. ಆ 'ಹಾಕಲ್ಲ'ವನ್ನು ಹೇಳುವಾಗ ಅವನು ಫೋನು ನೋಡುತ್ತಿದ್ದ. ಮದ್ಯ ಬಿಟ್ಟವರು ಹಾಗೆ ಹೇಳುವುದನ್ನು ಕೇಳಿದ್ದೇನೆ.

ಆಟದಲ್ಲಿ ಸಸ್ಯಹೇನು ಸಾಕುವ ಕೊಟ್ಟಿಗೆಯೂ ಒಂದಿದೆಯಂತೆ. ಇದು ಕಟ್ಟುಕತೆಯಲ್ಲ, ಇರುವೆಗಳು ನಿಜವಾಗಿಯೂ ಸಸ್ಯಹೇನು ಸಾಕುತ್ತವೆ. ಹೇನು ಗಿಡದ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ಹೀರುತ್ತದೆ, ಬದಲಿಗೆ ಹೇನನ್ನು ಬೇರೆ ಹುಳುಗಳಿಂದ ಕಾಯುತ್ತದೆ. ಗುಂಡ್ಲುಪೇಟೆ ಕಡೆಯ ತರಕಾರಿ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೀನ್ಸ್ ಬಳ್ಳಿಯ ಮೇಲೆ ಇರುವೆ ಸಾಲು ಹತ್ತಿತೆಂದರೆ ಕುಡಿಯಲ್ಲಿ ಹೇನು ಬಿದ್ದಿದೆ ಎಂದೇ ಲೆಕ್ಕ. ದಳವಾಯಿಯ ತಂದೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬೀನ್ಸ್ ಸಾಲಿನಲ್ಲಿ ಹೇನಿಗೆ ಔಷಧಿ ಹೊಡೆಯುತ್ತಿದ್ದಾಗ, ಬದುವಿನ ಮೇಲೆ ಕೂತ ಮಗ ಹೇನಿನ ಕೊಟ್ಟಿಗೆಯನ್ನು ಆರನೇ ಮಟ್ಟಕ್ಕೆ ಏರಿಸುತ್ತಿದ್ದ. ಒಂದೇ ಹೊಲದಲ್ಲಿ ಎರಡು ಕೃಷಿ.

ಇದನ್ನೆಲ್ಲ ಈಗಿನ ಹುಡುಗರ ಹುಚ್ಚು ಎಂದು ಬೈಯುವ ಹಿರಿಯರಿಗೆ ಒಂದು ಮಾತು. ಹುಚ್ಚು ಹಳೆಯದೇ. ಅಮೆರಿಕದ ವಿಲ್ ರೈಟ್ ಎಂಬಾತ 1991ರಲ್ಲಿಯೇ 'ಸಿಮ್‌ಆಂಟ್' ಎಂಬ ಕಂಪ್ಯೂಟರ್ ಆಟ ತಂದಿದ್ದ. ಅದಕ್ಕೆ ಅವನಿಗೆ ಸ್ಫೂರ್ತಿಯಾದದ್ದು ಬರ್ಟ್ ಹೋಲ್ಡೋಬ್ಲರ್ ಮತ್ತು ಇ. ಒ. ವಿಲ್ಸನ್ ಎಂಬ ಇಬ್ಬರು ಇರುವೆ ವಿಜ್ಞಾನಿಗಳು ಬರೆದ 'ದಿ ಆಂಟ್ಸ್' ಎಂಬ ಭಾರಿ ಗ್ರಂಥ; ಅದೇ ವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಆ ಆಟದಲ್ಲಿ ನೀವು ಕಪ್ಪಿರುವೆಗಳ ಪಕ್ಷ. ಹಿತ್ತಲಿನ ಕೆಂಪಿರುವೆಗಳನ್ನು ಸೋಲಿಸಿ, ಅಂಗಳ ದಾಟಿ, ಮನೆಯೊಳಕ್ಕೆ ನುಗ್ಗಿ, ಕೊನೆಗೆ ಮನೆಯ ಯಜಮಾನನನ್ನೇ ಹೊರಗೆ ಓಡಿಸಿದರೆ ಗೆದ್ದಂತೆ. ಈ ವಿಷಯ ಹೇಳಿದಾಗ ದಳವಾಯಿಯ ತಂದೆ ಜಗಲಿಯ ಮೇಲೆ ಚಾಪೆ ಬಿಡಿಸುತ್ತಿದ್ದರು. ಮಗನ ಫೋನು ರಾತ್ರಿಯೆಲ್ಲ ಕುಂಯ್‌ಗುಟ್ಟುತ್ತದೆಂದು ಅವರು ನಡುಮನೆ ಬಿಟ್ಟು ಆಚೆ ಮಲಗಲು ಶುರುಮಾಡಿ ಬಹಳ ದಿನವಾಗಿತ್ತು. "ಅಂಗಾರ ನನ್ ಮಗ ಗೆದ್ದಾಯ್ತು ಬುಡಿ" ಎಂದರು.

ರಾತ್ರಿಯೆಲ್ಲ ಯಾಕೆ ಎಂದರೆ, ಒಕ್ಕೂಟ. ಆಟದ ನಿಜವಾದ ಆಟ ಅದು. ಇವನ ಒಕ್ಕೂಟದಲ್ಲಿ ಇಂಡೋನೇಷ್ಯಾದವರು, ಬ್ರೆಜಿಲಿನವರು, ಟರ್ಕಿಯ ಒಬ್ಬ ದಂತವೈದ್ಯ, ಜೊತೆಗೆ ಗುಂಡ್ಲುಪೇಟೆಯ ಒಬ್ಬ ಹೂವಿನ ವ್ಯಾಪಾರಿ ಇದ್ದಾರೆ. ಬ್ರೆಜಿಲಿನವರಿಗೆ ಸಂಜೆಯಾದಾಗ ನಮಗೆ ಸರಿರಾತ್ರಿ ಕಳೆದಿರುತ್ತದೆ, ಯುದ್ಧವೆಲ್ಲ ಆಗಲೇ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. ಗೇಟಿನ ಹಿಂದೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ, ಆನೆ ಜಿಂಕೆಗಳಿಗೂ ರಾತ್ರಿಯ ನೆಮ್ಮದಿ ಸಿಕ್ಕಿದೆ. ದಳವಾಯಿಯ ಗೇಟು ತೆರೆಯುವುದು ಸರಿಯಾಗಿ ಆ ಹೊತ್ತಿಗೆ. ಎರಡೂವರೆಗೆ ಅಲಾರಂ ಇಟ್ಟು ಎದ್ದು, ಹೊದಿಕೆಯೊಳಗೆ ಬೆಳಕು ಮರೆಮಾಡಿಕೊಂಡು, ಯಂತ್ರ ಮಾಡಿಕೊಟ್ಟ ಪೋರ್ಚುಗೀಸ್ ಅನುವಾದ ಓದಿ, "ದಂಡು ಹೊರಟಿದೆ" ಎಂದು ಉತ್ತರ ಬರೆಯುತ್ತಾನೆ. ಒಕ್ಕೂಟದೊಳಗೆ ಹುದ್ದೆಗಳಿವೆ, ಬಣಗಳಿವೆ, ಬಂಡಾಯವಿದೆ, ಮುನಿಸಿಕೊಂಡು ಇನ್ನೊಂದು ಒಕ್ಕೂಟಕ್ಕೆ ಹಾರುವವರಿದ್ದಾರೆ. ಗ್ರಾಮ ಪಂಚಾಯ್ತಿ ಅಧ್ಯಕ್ಷರ ಚುನಾವಣೆಯನ್ನು ಹತ್ತಿರದಿಂದ ನೋಡಿದ ಯಾವನಿಗೂ ಇಲ್ಲಿ ಹೊಸದಾಗಿ ಕಲಿಯುವುದೇನಿಲ್ಲ. ಟರ್ಕಿಯ ದಂತವೈದ್ಯನನ್ನು ಪಕ್ಷಾಂತರ ಮಾಡದ ಹಾಗೆ ಒಂದು ವಾರ ಕಾದು ಕೂತದ್ದು ಇವನೇ. ರೆಸಾರ್ಟ್ ಇರಲಿಲ್ಲ ಅಷ್ಟೆ.

ಇಷ್ಟು ಕಾರ್ಯದಕ್ಷನಾದ ಇವನನ್ನು ಮನೆಯಲ್ಲಿ ಏಳಿಸುವುದು ಎರಡು ಕೈಯಿಂದ ಆಗುವ ಕೆಲಸವಲ್ಲ. ಅವ್ವ ರೇಷ್ಮೆ ಸಾಕುತ್ತಾರೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ರೇಷ್ಮೆ ಸೊಪ್ಪಿಲ್ಲದ ಹಳ್ಳಿ ಕಡಿಮೆ. ಸರ್ಕಾರದ ನೂಲು ಕಾರ್ಖಾನೆಗಳು ಚಾಮರಾಜನಗರ, ಸಂತೇಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲಗಳಲ್ಲಿ ಸಾಲಾಗಿದ್ದವು. ಈಗ ಉಳಿದವರಲ್ಲಿ ಅವ್ವ ಒಬ್ಬರು. ಒಂದು ಬೆಳೆಗೆ ನೂರು ಮೊಟ್ಟೆ ಚಾಕಿ ಹುಳ ತರುತ್ತಾರೆ. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಕಂತೆ, ಅದರಲ್ಲಿ ನಾನ್ನೂರು ಐನೂರು ಹುಳ. ನೂರು ಮೊಟ್ಟೆಗೆ ನಲವತ್ತರಿಂದ ಐವತ್ತು ಸಾವಿರ. ಮಗ ಎರಡು ವರ್ಷ ಒದ್ದಾಡಿ ಕಟ್ಟಿದ ದಂಡಿನ ಸಂಖ್ಯೆಯೂ ಅಷ್ಟೇ. ಅವ್ವ ಅದನ್ನು ಒಂದು ತಿಂಗಳೊಳಗೆ ಬೆಳೆಸಿ, ಗೂಡು ಕಟ್ಟಿಸಿ, ಮಾರುಕಟ್ಟೆಗೆ ಕಳಿಸಿ, ಹುಳದ ಮನೆ ತೊಳೆದು ಸುಣ್ಣ ಹೊಡೆದು, ಮತ್ತೆ ನೂರು ಮೊಟ್ಟೆ ತರುತ್ತಾರೆ.

ರೇಷ್ಮೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚಿ ಎದ್ದು, ಮತ್ತೆ ತಿನ್ನುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಕೊನೆಯ ಏಳೆಂಟು ದಿನದಲ್ಲೇ ಮುಗಿಸುತ್ತದೆ. ಹುಳದ ಮನೆಯ ಬಾಗಿಲಲ್ಲಿ ನಿಂತರೆ ಮಳೆ ಬರುತ್ತಿದೆಯೇನೋ ಎಂಬಂಥ ಸದ್ದು. ಆ ವಾರ ಮನೆಯಲ್ಲಿ ಯಾರೂ ಮಲಗುವಂತಿಲ್ಲ, ಯಾರೂ ಮುನಿಸಿಕೊಳ್ಳುವಂತಿಲ್ಲ. ಸೊಪ್ಪು ಸಾಲದೆ ಬಂತೋ ಇಪ್ಪತ್ತು ದಿನದ ದುಡಿಮೆ ಮಣ್ಣು. ಅದಕ್ಕೇ ಅವ್ವನ ಒಂದೇ ಸೂತ್ರ. ಮಗನ ಹೆಗಲ ಮೇಲಿಂದ ಒಂದು ದಿನ ಫೋನು ಇಣುಕಿ ನೋಡಿ, ಅದರಲ್ಲಿ ಮೊಟ್ಟೆ ಮೇಲೆ ಮೊಟ್ಟೆ ಒಡೆದು ಸಿಪಾಯಿಗಳು ಹೊರಬರುತ್ತಿದ್ದುದನ್ನು ಕಂಡು ಹೇಳಿದರು:

"ಮೊದ್ಲು ಸೊಪ್ಪು ಎಷ್ಟದ ನೋಡ್ಕೊ ಮೊಗ. ಆಮೇಲ ಮೊಟ್ಟ ತತ್ತ. ಸೊಪ್ಪಿಲ್ದೇ ಹೋದ್ರ ಅಷ್ಟು ಹುಳ ಏನ ತಿಂದದು?"

"ಇದು ಹುಳ ಅಲ್ಲ ಕನವ್ವ, ಆರ್ಮಿ" ಎಂದ ದಳವಾಯಿ.

"ಆರ್ಮಿ ಉಣ್ಣಲ್ವ?"

ಈ ಆಟದ ಬಗ್ಗೆ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಉಪದೇಶ ಮಾಡುವ ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ದಂಡು ಹೆಚ್ಚಾದಷ್ಟೂ ಉಣ್ಣುವ ಬಾಯಿ ಹೆಚ್ಚು. ಉಗ್ರಾಣ ಬತ್ತಿದರೆ ಕೋಣೆ ಏರುವುದಿಲ್ಲ, ಕೋಣೆ ಏರದಿದ್ದರೆ ದಂಡು ಹಳೆಯದಾಗುತ್ತದೆ. ಆದರೆ ಅವ್ವ ಹೇಳಿದ್ದನ್ನು ಕೇಳುವುದಕ್ಕೆ ದಳವಾಯಿಗಳು ಹುಟ್ಟಿರುವುದಿಲ್ಲ.

ಇನ್ನು ರೇಷ್ಮೆ ಮನೆಯ ದೊಡ್ಡ ವೈರಿಗಳ ಪಟ್ಟಿ ತೆಗೆದರೆ ಹಾಲುತೊಂಡೆ ರೋಗ, ಸುಣ್ಣಕಟ್ಟು ರೋಗ, 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ, ಇಲಿ, ಹಲ್ಲಿ, ಜೊತೆಗೆ, ಹೌದು, ಇರುವೆ. ಮೆತ್ತಗಿರುವ ಹುಳದ ಮೇಲೆ ಇರುವೆ ಬಿದ್ದರೆ ಬೆಳಗಾಗುವುದರೊಳಗೆ ತಟ್ಟೆ ಖಾಲಿ. ಅದಕ್ಕೇ ಹುಳದ ಅಟ್ಟಣೆಯ ಪ್ರತಿ ಕಾಲನ್ನೂ ನೀರು ತುಂಬಿದ ಒಂದೊಂದು ಬಟ್ಟಲಲ್ಲಿ ಇಟ್ಟಿರುತ್ತಾರೆ. ಇರುವೆಗೆ ಕೋಟೆಯ ಕಂದಕ ಅದು. ಆ ಬಟ್ಟಲುಗಳಿಗೆ ಸಂಜೆ ಸಂಜೆ ನೀರು ಹಾಕುವುದು ಮನೆಯಲ್ಲಿ ದಳವಾಯಿಗೆ ವಹಿಸಿದ ಏಕೈಕ ಖಾತೆ. ಇರುವೆ ಚಕ್ರವರ್ತಿಗೆ ಇರುವೆ ತಡೆಯುವ ಕೆಲಸ ಕೊಟ್ಟದ್ದು ಯಾರ ಕುಚೋದ್ಯವೋ ತಿಳಿಯದು.

ಒಂದು ರಾತ್ರಿ ಅವನು ನೀರನ್ನೇನೋ ಹಾಕಿದ್ದ. ಆದರೆ ಒಕ್ಕೂಟದ ಕರೆ ಬಂತೆಂದು ಕೊನೆಯ ಸೊಪ್ಪು ಹರಡುವಾಗ ಅವಸರ ಮಾಡಿ ಒಂದು ಉದ್ದನೆಯ ರೆಂಬೆಯನ್ನು ಅಟ್ಟಣೆಯಿಂದ ಆಚೆಗೆ ಚಾಚಿ ಬಿಟ್ಟಿದ್ದ. ರೆಂಬೆಯ ತುದಿ ಗೋಡೆಗೆ ತಗುಲಿತ್ತು. ಅಷ್ಟು ಸಾಕು. ಬೆಳಗಿನ ಜಾವ ಅವ್ವ ಲೈಟು ಹಾಕಿದಾಗ ಕಿಟಕಿಯ ಮೂಲೆಯಿಂದ ಗೋಡೆಗುಂಟ ಇಳಿದು, ರೆಂಬೆ ಹತ್ತಿ, ಎಲೆಯ ನರದ ಮೇಲೆ ಸಾಗಿ, ತಟ್ಟೆಯೊಳಕ್ಕೆ ಒಂದು ಕೆಂಪು ಗೆರೆ. ಗೆರೆ ಎರಡೂ ದಿಕ್ಕಿಗೆ ಹರಿಯುತ್ತಿತ್ತು. ಹೋಗುವವು ಬರಿಗೈಲಿ, ಬರುವವು ಆರೇಳು ಸೇರಿ ಒಂದೊಂದು ಹುಳವನ್ನು ಎಳೆದುಕೊಂಡು. ಎದುರಾದಾಗ ಮೀಸೆಗೆ ಮೀಸೆ ತಾಗಿಸಿ ಸರಿದುಕೊಳ್ಳುತ್ತಿದ್ದವು. ಅವ್ವ ಕೂಗಿದರು: "ಏಳ್ಲಾ ಮೊಗ, ನಿನ್ ದಂಡು ಬಂದದ!"

ದಳವಾಯಿ ಬಂದ. ನಿಂತ. ಅವನ ಮುಖದಲ್ಲಿ ಮೂಡಿದ್ದು ಗಾಬರಿಯಲ್ಲ, ಮೆಚ್ಚುಗೆ. "ಅವ್ವಾ, ಸೇತುವೆ ಕಂಡುಹಿಡ್ಕಂಡವ ನೋಡು! ಮೊದ್ಲು ಒಬ್ಬ ಸ್ಕೌಟ್ ಬಂದಿದ್ದ, ಆಮೇಲ ದಾರಿ ಹಾಕವ" ಎಂದು ಗೋಡೆಗೆ ಮೂಗು ತಾಗಿಸಿ ವಿವರಿಸತೊಡಗಿದ. ಅವ್ವ ರೆಂಬೆ ಎಳೆದು ಬಿಸಾಡಿ, ಒದ್ದೆ ಬಟ್ಟೆಯಿಂದ ಗೋಡೆಯ ಮೇಲಿನ ಗೆರೆಯನ್ನು ಕಿಟಕಿಯವರೆಗೆ ಒರೆಸಿದರು. ಇರುವೆ ಹಾದಿ ಹಿಡಿಯುವುದು ಮುಂದೆ ಹೋದ ಇರುವೆ ಬಿಟ್ಟ ವಾಸನೆಯ ಮೇಲೆ. ವಾಸನೆ ಅಳಿಸಿದ ಕೂಡಲೇ ಉಳಿದವು ದಾರಿ ತಪ್ಪಿ ಸುತ್ತಾಡಿದವು. ಐದು ನಿಮಿಷದಲ್ಲಿ ಯುದ್ಧ ಮುಗಿಯಿತು. ಅದೇ ಹೊತ್ತಿಗೆ ಒಳಗೆ ಹೊದಿಕೆಯಡಿ ಬಿಟ್ಟುಬಂದ ಫೋನಿನಲ್ಲಿ ಅರಿಕುಠಾರದ ಮೇಲೆ ಪಕ್ಕದ ಒಕ್ಕೂಟ ಬಿದ್ದಿತ್ತು. ಶೀಲ್ಡ್ ಮುಗಿದು ಹನ್ನೊಂದು ನಿಮಿಷವಾಗಿತ್ತಂತೆ. ದಂಡು ಮನೆಯಲ್ಲೇ ಇತ್ತು, ಉಗ್ರಾಣ ತುಂಬಿ ಹೊರಗೂ ಚೆಲ್ಲಿತ್ತು. ಒಂದೇ ಬೆಳಗಿನಲ್ಲಿ ಅವನು ಇರುವೆಗಳ ಕೈಯಲ್ಲಿ ಎರಡು ಕಡೆ ಸೋತ.

ಟೀ ಅಂಗಡಿಯಲ್ಲಿ ಅವತ್ತು ಸಂತಾಪ ಸೂಚಕ ಸಭೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ನಿಮಗೆ ಗೊತ್ತಿರಬೇಕು. ಆ ಭಯಕ್ಕೆ ಎಷ್ಟೋ ಮುಖ್ಯಮಂತ್ರಿಗಳು ಈ ಊರನ್ನು ದೂರದಿಂದಲೇ ಆಳಿದರು. 1997ರಲ್ಲಿ ಜಿಲ್ಲೆಯಾದಾಗ ಉದ್ಘಾಟನೆ ಮಲೆಮಹದೇಶ್ವರ ಬೆಟ್ಟದಲ್ಲಿ ನಡೆಯಿತೇ ಹೊರತು ಜಿಲ್ಲಾ ಕೇಂದ್ರದಲ್ಲಲ್ಲ. 2013ರಲ್ಲಿ ಬಂದ ಸಿದ್ದರಾಮಯ್ಯನವರು ಮೇಲಿಂದ ಮೇಲೆ ಊರಿಗೆ ಬಂದುಹೋಗಿ ಐದು ವರ್ಷವನ್ನೂ ಪೂರೈಸಿದರು, ಆ ನಂಬಿಕೆಗೆ ಪೆಟ್ಟು ಬಿತ್ತು. ಅವತ್ತು ನಮ್ಮ ಗುಂಪಿನವರೊಬ್ಬರು ಅದಕ್ಕೆ ಮರುಜೀವ ಕೊಟ್ಟರು: "ಬಂದು ಹೋಗೋರ್ಗೇ ಅಧಿಕಾರ ಹೊಯ್ತದಂತ. ನೀನು ಇಲ್ಲೇ ಗೂಡು ಕಟ್ಕಂಡು ಕುಂತಿದ್ದಯಲ್ಲಪ್ಪ." ದಳವಾಯಿ ನಗಲಿಲ್ಲ. ಟೀಗೆ ಸಕ್ಕರೆ ಹೆಚ್ಚಾಯಿತು ಎಂದ.

ಅಲ್ಲೇ ಕೂತಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು ಗಾಯದ ಮೇಲೆ ಇನ್ನಷ್ಟು ಉಪ್ಪು ಸುರಿದರು. "ನಿಜವಾದ ಗೂಡಲ್ಲಿ ದಳವಾಯಿ ಹುದ್ದೇನೇ ಇಲ್ಲ ಕಣಯ್ಯ. ರಾಣಿ ಕೂಡ ಯಾರಿಗೂ ಆಜ್ಞೆ ಕೊಡಲ್ಲ" ಎಂದರು. ಮಾತು ಸತ್ಯ. ಪ್ರತಿ ಇರುವೆ ತನ್ನ ಮೂತಿಯ ಮುಂದಿನ ವಾಸನೆ ನೋಡಿಕೊಂಡು, ಎದುರು ಸಿಕ್ಕ ಇರುವೆಯ ಮೀಸೆ ಮುಟ್ಟಿಕೊಂಡು, ತನಗೆ ತೋಚಿದ್ದನ್ನು ಮಾಡುತ್ತದೆ. ಸಾವಿರಾರು ಇರುವೆಗಳ ಆ ಸಣ್ಣ ಸಣ್ಣ ನಿರ್ಧಾರ ಸೇರಿ ಗೂಡು ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಕಣಜದ ಹುಳುಗಳ ಹಿಂದೆ ಬಿದ್ದವರು. ಅವರು ನೋಡಿದ ಜಾತಿಯಲ್ಲಂತೂ ರಾಣಿ ಗೂಡಿನಲ್ಲೇ ಸಾಧುಪ್ರಾಣಿ, ಯಾರ ಮೇಲೂ ಏರಿ ಹೋಗುವುದಿಲ್ಲ. ಕೆಲಸಗಾರ ಹುಳುಗಳೇ ತಮ್ಮತಮ್ಮಲ್ಲಿ ಕೆಲಸ ಹಂಚಿಕೊಳ್ಳುತ್ತವೆ. ದಳವಾಯಿ ಇದನ್ನು ಗಮನವಿಟ್ಟು ಕೇಳಿ, "ಹಂಗಾರ ಯಾರೂ ಹೇಳ್ದೇ ಇದ್ರ ಅವು ರಾತ್ರಿ ಎಷ್ಟೊತ್ಗ ದಾಳಿ ಅಂತ ಹೆಂಗ ತಿಳ್ಕಂಡವು?" ಎಂದ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಈ ನಡುವೆ ದಳವಾಯಿಗೆ ಮದುವೆಯಾಗಿತ್ತು. ಆಷಾಢ ಬಂತು. ನಮ್ಮ ಕಡೆ ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕು, ಗಂಡಹೆಂಡಿರು ಒಂದೆಡೆ ಇರಬಾರದು. ಅದಕ್ಕೆ ಸಿಗುವ ಒಂದೇ ರಿಯಾಯಿತಿ ಚಾಮರಾಜೇಶ್ವರನ ತೇರು. ಮುಮ್ಮಡಿಯವರು 1826ರಲ್ಲಿ ಕಟ್ಟಿಸಿದ ಗುಡಿ. ಆಷಾಢದಲ್ಲೇ ಅದರ ರಥೋತ್ಸವ, ಹೊಸ ಜೋಡಿಗಳು ಎಲ್ಲೆಲ್ಲಿಂದಲೋ ಬಂದು ಒಟ್ಟಿಗೆ ನಿಂತು ತೇರಿಗೆ ಹಣ್ಣು-ಜವನ ಎಸೆಯುತ್ತವೆ. ಬಾಳೆಹಣ್ಣಿಗೆ ಜವನದ ಕಡ್ಡಿ ಚುಚ್ಚಿ, ಕಳಸಕ್ಕೆ ಗುರಿಯಿಟ್ಟು, ಒಂದು ಆಸೆ ನೆನೆದು ಎಸೆಯುವುದು. ನಮ್ಮವನ ಬಲಗೈಯಲ್ಲಿ ಹಣ್ಣು, ಎಡಗೈಯಲ್ಲಿ ಫೋನು. ಎಸೆದ. ಹಣ್ಣು ಮುಂದೆ ನಿಂತಿದ್ದ ಬೀಗರ ಪೇಟಕ್ಕೆ ಬಿತ್ತು.

"ಏನ್ ಬೇಡ್ಕಂಡ್ರಿ?" ಎಂದಳು ಹೆಂಡತಿ.

"ಮೂರು ದಿನದ ಶೀಲ್ಡ್" ಎಂದುಬಿಟ್ಟ. ಬಾಯಿಂದ ಬಂದ ಮೇಲೆ ಏನು ಮಾಡುವುದು.

ಆಕೆ ಜಗಳವಾಡಲಿಲ್ಲ. ತವರಿಗೆ ವಾಪಸು ಹೋದವಳು ಅದೇ ಆಟವನ್ನು ತನ್ನ ಫೋನಿಗೆ ಇಳಿಸಿಕೊಂಡು, ಗಂಡನ ಒಕ್ಕೂಟಕ್ಕೇ ಅರ್ಜಿ ಹಾಕಿದಳು. ಆಷಾಢದ ಕಟ್ಟುಪಾಡಿನಲ್ಲಿ ಇರುವೆ ಬಿಲಗಳ ವಿಚಾರ ಎಲ್ಲೂ ಬರುವುದಿಲ್ಲ. ಹೀಗೆ ಒಂದು ತಿಂಗಳು ಹೊಸ ಗಂಡಹೆಂಡಿರು ಬ್ರೆಜಿಲಿನವರ, ದಂತವೈದ್ಯನ ಸಮಕ್ಷಮದಲ್ಲಿ ಸಂಸಾರ ಮಾಡಿದರು. ಅವನು ಅವಳಿಗೆ ಎಲೆ ಕಳಿಸುವನು. ಅವಳು ಅವನ ಕೋಣೆಯ ಒಂದು ನಿಮಿಷ ಕಳೆದುಕೊಡುವಳು. ಅತ್ತೆ ಹೇಳಿದ ಸೊಪ್ಪಿನ ಸೂತ್ರವನ್ನು ಅವಳು ಯಾವಾಗಲೋ ಕಿವಿಗೆ ಹಾಕಿಕೊಂಡಿದ್ದಳೆಂದು ಕಾಣುತ್ತದೆ. ಮೊದಲ ದಿನದಿಂದ ಉಗ್ರಾಣವನ್ನೇ ಬೆಳೆಸಿದಳು, ಯಾರ ತಂಟೆಗೂ ಹೋಗಲಿಲ್ಲ, ತನ್ನ ಎಲೆ ಹಿಡಿಸುವಷ್ಟೇ ಮೊಟ್ಟೆ ಒಡೆಸಿದಳು. ಶ್ರಾವಣದಲ್ಲಿ ಗಂಡನ ಮನೆಗೆ ಬಂದಾಗ ಅವಳದ್ದು ಅರಿಕುಠಾರಕ್ಕಿಂತ ಎರಡು ಮಟ್ಟ ಮೇಲಿನ ಗೂಡು. ಈಗ ಒಕ್ಕೂಟದಲ್ಲಿ ಅವಳು ಅಧಿಕಾರಿ, ಅವನು ಸದಸ್ಯ. ದಾಳಿಗೆ ಸೇರಬೇಕಾದರೆ ಅಡುಗೆಮನೆಯ ಬಾಗಿಲಿಗೆ ಬಂದು ಅಪ್ಪಣೆ ಕೇಳುತ್ತಾನೆ. "ಬಟ್ಟಲಿಗೆ ನೀರ್ ಹಾಕುದ್ರಾ?" ಎಂದು ಅವಳು ಕೇಳಿದ ಮೇಲೆಯೇ ಅಪ್ಪಣೆ ಸಿಗುವುದು.

ಇವನನ್ನು ಕೆಲಸಕ್ಕೆ ಬಾರದವ ಎಂದು ತಳ್ಳಿಹಾಕುವವರ ಪೈಕಿ ನಾನಿಲ್ಲ. ಮೊನ್ನೆ ಅವರ ಸಂಬಂಧಿಕರ ಮದುವೆಯಲ್ಲಿ ಉಗ್ರಾಣ ನೋಡಿಕೊಳ್ಳಬೇಕಾದವರು ಬರಲಿಲ್ಲ. ಗಡಿಬಿಡಿಯಲ್ಲಿ ಯಾರೋ ಬೀಗದ ಕೈಯನ್ನು ಇವನ ಕೈಗಿಟ್ಟರು. ಅರ್ಧ ಗಂಟೆಯಲ್ಲಿ ಅಕ್ಕಿ ಎಷ್ಟು ಮೂಟೆ, ಬೇಳೆ ಎಷ್ಟು, ಎಣ್ಣೆಯ ಡಬ್ಬ ಎಷ್ಟು, ಒಂದು ಪಂಕ್ತಿಗೆ ಎಷ್ಟು ಖರ್ಚು, ಎಷ್ಟು ಪಂಕ್ತಿ ಬಾಕಿ ಎಂದು ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ. ಮೂರನೇ ಪಂಕ್ತಿಗೆ ಸಾರು ಸಾಲದಾಗುತ್ತದೆಂದು ಎರಡನೇ ಪಂಕ್ತಿ ಕೂರುವ ಮೊದಲೇ ಭಟ್ಟರಿಗೆ ಹೇಳಿದ. ಹೆಚ್ಚಾದ ತೆಂಗಿನಕಾಯಿಯನ್ನು ಕಣ್ಣಿಗೆ ಬೀಳದ ಹಾಗೆ ಹಿಂದಿನ ಕೋಣೆಗೆ ಸಾಗಿಸಿದ. "ಹೊರಗಿದ್ರ ಲೂಟಿ ಆಯ್ತವ ಸಾ" ಎಂದ ನನ್ನ ಹತ್ತಿರ. ಬಡಿಸುವ ಹುಡುಗರನ್ನು ಮೂರು ತಂಡ ಮಾಡಿ, ಸೋತ ತಂಡಕ್ಕೆ ಬಿಡುವು ಕೊಟ್ಟು, ಇನ್ನೊಂದನ್ನು ನುಗ್ಗಿಸಿದ. ಕೊನೆಯ ಪಂಕ್ತಿಗೂ ಪಾಯಸ ಸಿಕ್ಕಿತು. ಕೊನೆಯ ಪಂಕ್ತಿಯಲ್ಲಿ ಕೂತಿದ್ದವನು ನಾನೇ ಆದ್ದರಿಂದ ಖಾತ್ರಿಯಾಗಿ ಹೇಳಬಲ್ಲೆ. ಆ ಜನರಲ್ಲಿ ಯಾರೂ ಇವನಿಗೆ ಅದುವರೆಗೆ ಒಂದು ಜವಾಬ್ದಾರಿ ಕೊಟ್ಟಿರಲಿಲ್ಲ. ಕೊಟ್ಟಿದ್ದು ಇರುವೆಗಳು ಮಾತ್ರ.

ಆದ್ದರಿಂದ ನಿಮ್ಮ ಮನೆಯಲ್ಲಿ ಮದುವೆ, ಗೃಹಪ್ರವೇಶ, ಊರ ಹಬ್ಬ ಏನಾದರೂ ಇದ್ದರೆ, ನಿಮ್ಮೂರಿನ ಇರುವೆ ದಳವಾಯಿಯನ್ನು ಹುಡುಕಿ ಉಗ್ರಾಣದ ಬೀಗದ ಕೈ ಕೊಡಿ. ಪ್ಲಗ್ ಪಾಯಿಂಟ್ ಇರುವ ಕೋಣೆಯೇ ಆಗಲಿ. ರಾತ್ರಿ ಮುಹೂರ್ತ ಮಾತ್ರ ಇಡಬೇಡಿ. ಇಡಲೇಬೇಕಾಗಿ ಬಂದರೆ ಮೊದಲು ಅವನ ಹೆಂಡತಿಯನ್ನು ಕೇಳಿ.